ಹೆಂಡತಿಯ ಉಸಿರು ಮತ್ತು ಆರಡಿ ಪೈಪು

ಕಚೇರಿಯಲ್ಲಿ ಕಲಿತ ವಿದ್ಯೆಯನ್ನು ಕಚೇರಿಯಲ್ಲೇ ಬಿಟ್ಟು ಬರುವವನು ಸಂಸಾರದಲ್ಲಿ ಸುಖಿ. ನನ್ನ ಷಡ್ಡಕರೊಬ್ಬರು ಹೆಡ್‌ಮಾಸ್ತರರು. ಮನೆಯಲ್ಲಿ ಊಟಕ್ಕೂ ಗಂಟೆ ಬಾರಿಸುತ್ತಿದ್ದರು. ತಡವಾಗಿ ಬಂದವರನ್ನು, ಅತ್ತೆಯವರಾದರೂ ಸರಿಯೆ, ಅಡುಗೆಮನೆಯ ಹೊರಗೆ ಐದು ನಿಮಿಷ ನಿಲ್ಲಿಸುತ್ತಿದ್ದರು. ಅವರನ್ನು ನೆನೆದು ನಾನು ವರ್ಷಗಟ್ಟಲೆ ನಕ್ಕಿದ್ದೇನೆ. ಈಗ ನಗುವುದಿಲ್ಲ. ನನ್ನ ಕಥೆ ಅವರ ಕಿವಿಗೆ ಬಿದ್ದಿರಬಹುದೆಂಬ ಅಂಜಿಕೆಯಿಂದ ಅವರ ಮನೆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ನಾನು ಹೈದರಾಬಾದಿನ ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದವನು. ವಿಮಾನದೊಳಗಿನ ಯಂತ್ರಗಳು ಬಿಸಿಯಾಗದಂತೆ ತಂಗಾಳಿ ಒಯ್ಯುವ ಪೈಪುಗಳ ನಕ್ಷೆ ಬರೆಯುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಮದುವೆ ಮನೆಗಳಲ್ಲಿ ರಾಯಚೂರು ಕಡೆಯ ನೆಂಟರು ನನ್ನನ್ನು ‘ಇವರು ವಿಮಾನ ಮಾಡ್ತಾರ್ರಿ’ ಎಂದು ಪರಿಚಯಿಸುತ್ತಾರೆ. ಪೈಪಿನ ಮಾತನ್ನು ನಾನಾಗಿ ಎತ್ತುವುದಿಲ್ಲ.

ನನ್ನ ಹೆಂಡತಿ ಗಿರಿಜಾ ನಾಂಪಲ್ಲಿಯ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಶ್ರೀಕಾಕುಳದಿಂದ ಅನಂತಪುರದವರೆಗೆ ಯಾವ ಊರಿನ ಫೈಲಾದರೂ ಅವಳ ಮೇಜು ದಾಟದೆ ಮುಂದೆ ಹೋಗದು. ಅವಳಿಗೆ ಗೊರಕೆ ಇತ್ತು. ಆದರೆ ಆ ವಿಷಯ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹಗಲಿಡೀ ತೂಕಡಿಕೆ ಬೇರೆ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ ಕೂತವಳಿಗೆ ಎಚ್ಚರವಾದಾಗ ಮತ್ತೆ ಲಿಂಗಂಪಲ್ಲಿಯೇ ಎದುರಿಗಿತ್ತು. ರೈಲು ಅವಳನ್ನು ಆ ತುದಿಗೆ ಒಯ್ದು, ತಿರುಗಿ ಕರೆತಂದು ಇಳಿಸಿತ್ತು. ಇವತ್ತು ರೈಲು ಹೊರಡಲೇ ಇಲ್ಲವೆಂದು ಸ್ಟೇಷನ್ ಮಾಸ್ತರರ ಜೊತೆ ಜಗಳಾಡಿಯೇ ಅವಳು ಮನೆಗೆ ಬಂದದ್ದು.

ಡಾಕ್ಟರು ಪರೀಕ್ಷೆ ಮಾಡಿಸಿ, ನಿದ್ದೆಯಲ್ಲಿ ಇವರ ಉಸಿರು ಆಗಾಗ ನಿಂತೇಹೋಗುತ್ತದೆ ಅಂದರು. ಮೂಗಿಗೆ ಮುಖವಾಡ ಹಾಕಿ, ಪೈಪಿನಿಂದ ಗಾಳಿ ಒತ್ತುವ ಯಂತ್ರವೊಂದಿದೆ, ಒಂದು ತಿಂಗಳು ತಪ್ಪದೆ ಬಳಸಿ ಬನ್ನಿ, ಬಿಟ್ಟರೆ ಹೃದಯಕ್ಕೆ ಅಪಾಯ ಎಂದರು. ಇಷ್ಟು ವರ್ಷ ಗೊರಕೆ ನಿಂತಾಗಲೆಲ್ಲ ‘ಅಬ್ಬಾ, ನಿಂತಿತು’ ಎಂದು ಹಾಯಾಗಿ ಮಗ್ಗುಲಾದವನು ನಾನು. ನಿಂತದ್ದು ಉಸಿರು ಎಂದು ನನಗೇನು ಗೊತ್ತು?

ಯಂತ್ರವೇನೋ ಬಂತು. ಪೈಪು ಮಾತ್ರ ಬಿರುಸಾಗಿತ್ತು. ಗಿರಿಜಾ ಹೊರಳಿದರೆ ಪೈಪು ಹೊರಳದು, ಮುಖವಾಡ ಕಿತ್ತು ಗಾಳಿ ಬುಸ್ಸೆನ್ನುವುದು. ನಾಲ್ಕನೆಯ ದಿನ ಅವಳು ಅದನ್ನು ಡಬ್ಬಕ್ಕೆ ತುಂಬಿ, ತನಗೆ ಈ ಮೂಗುದಾರ ಬೇಡ, ಆದದ್ದಾಗಲಿ ಎಂದಳು. ಆಗ ನನ್ನೊಳಗಿನ ಇಪ್ಪತ್ತೆರಡು ವರ್ಷ ಎದ್ದು ನಿಂತಿತು. ಗಾಳಿಯ ಪೈಪಿನ ಬಗ್ಗೆ ಹೈದರಾಬಾದಿನಲ್ಲೇ ನನಗಿಂತ ಹೆಚ್ಚು ಗೊತ್ತಿದ್ದವರು ಯಾರು? ಒಂದು ವಾರ ಕೊಡು ಎಂದೆ. ಅವಳು ಅನುಮಾನದಿಂದಲೇ ಕೊಟ್ಟಳು.

ಮೊದಲು ಹಗುರವಾದ ಪೈಪು ಹುಡುಕಿದೆ. ಅದು ಕೆನ್ನೆಗೆ ತಣ್ಣಗೆ ತಾಗಬಾರದೆಂದು ಸುಲ್ತಾನ್ ಬಜಾರಿನಲ್ಲಿ ಮಖಮಲ್ ಬಟ್ಟೆ ಕೊಂಡು, ಅಲ್ಲೇ ದರ್ಜಿಯೊಬ್ಬನ ಮುಂದೆ ಹಾಕಿ, ಆರಡಿ ಉದ್ದದ, ಎರಡು ಬೆರಳಗಲದ ತೋಳೊಂದನ್ನು ಹೊಲಿಯಲು ಹೇಳಿದೆ. ಆತ ಟೇಪು ಕೊರಳಿಗೆ ಹಾಕಿಕೊಂಡು ಗಂಭೀರವಾಗಿ ಕೇಳಿದ, “ದೂಸ್ರಾ ಹಾತ್ ಕಿತ್ತಾ ಲಂಬಾ ಹೈ, ಸಾಬ್?” ಇನ್ನೊಂದು ಕೈ ಎಷ್ಟು ಉದ್ದ ಎಂಬುದು ಆತನ ಪ್ರಶ್ನೆ. ಇದು ಉಸಿರಾಟದ ವಿಷಯ ಎಂದು ವಿವರಿಸಹೋದೆ. ಆತ ಕನಿಕರದಿಂದ ಮಜೂರಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟ.

ಇನ್ನು ಜೋಡಣೆ. ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮ ಉಂಟು: ಪೈಪು ಅಲುಗಬಾರದು. ಅಲುಗಿದ ಪೈಪು ಸವೆಯುತ್ತದೆ, ಸವೆದ ಪೈಪು ಸೋರುತ್ತದೆ. ಆದ್ದರಿಂದ ಗೇಣಿಗೊಂದು ಕ್ಲ್ಯಾಂಪು ಹಾಕಿ ಬಿಗಿಯಬೇಕು. ನಾನೂ ಹಾಗೇ ಮಂಚದ ತಲೆಭಾಗಕ್ಕೆ ಎರಡು, ಗೋಡೆಗೆ ಮೂರು, ದಿಂಬಿನ ಪಕ್ಕ ಒಂದು ಕ್ಲ್ಯಾಂಪು ಬಿಗಿದೆ. ಜಗ್ಗಿ ನೋಡಿದೆ. ಮಂಚ ಅಲುಗಿತು, ಪೈಪು ಅಲುಗಲಿಲ್ಲ. ನನ್ನ ಕೆಲಸವನ್ನು ನಾನೇ ಮನಸಾರೆ ಮೆಚ್ಚಿಕೊಂಡೆ.

ಭಾನುವಾರ ಮಧ್ಯಾಹ್ನ ರೊಟ್ಟಿ, ಝುಣಕ ಉಂಡು ಗಿರಿಜಾ ಪ್ರಯೋಗಕ್ಕೆ ಮಲಗಿದಳು. ನಾನು ಗಡಿಯಾರ, ಪೆನ್ಸಿಲು, ಕಾಗದ ಹಿಡಿದು ಸ್ಟೂಲಿನ ಮೇಲೆ ಕೂತೆ. ಹತ್ತು ನಿಮಿಷ ಆಕೆ ಸಾಕ್ಷಾತ್ ಶಿಲಾಬಾಲಿಕೆ. ‘ತೃಪ್ತಿಕರ’ ಎಂದು ಬರೆದುಕೊಂಡೆ. ಹನ್ನೊಂದನೆಯ ನಿಮಿಷಕ್ಕೆ ಎಡಕ್ಕೆ ಹೊರಳಿದಳು. ಮುಖವಾಡ ಮೂಗು ಬಿಟ್ಟು ಹಣೆಗೇರಿತು, ಗಾಳಿ ನುಗ್ಗಿ ಕುಂಕುಮ ಹಾರಿತು, ಕೂದಲೆಲ್ಲ ನೆಟ್ಟಗೆ ನಿಂತವು. ಅವಳು ಎದ್ದು ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರಿತ್ತು.

“ವಿಮಾನ ಹೊಳ್ಳಾಡೂದಿಲ್ಲರಿ, ನಾ ಹೊಳ್ಳಾಡತೀನಿ,” ಎಂದಳು. “ಗೋಡಿ ಅಳತಿ ತಗೊಂಡ್ರಿ, ಮಂಚದ ಅಳತಿ ತಗೊಂಡ್ರಿ. ಹೆಂಗ ಮಲಗ್ತೀ ಅಂತ ಒಮ್ಮೆರೆ ನನ್ನ ಕೇಳೀರೇನು?”

ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾವ ವಿಮಾನವನ್ನೂ ನಾನು ಏನನ್ನೂ ಕೇಳಿದವನಲ್ಲ, ಆ ರೂಢಿಯೇ ತಪ್ಪಿಹೋಗಿತ್ತು. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತು, ಈಗ ಕೇಳುತ್ತೇನೆ ಎಂದೆ.

ಅವಳು ತನ್ನ ಜಡೆಯನ್ನು ಮುಂದಕ್ಕೆಳೆದು ನನಗೆ ತೋರಿಸಿದಳು. ಸಣ್ಣವಳಿದ್ದಾಗಿನಿಂದ ಮಲಗುವಾಗ ಜಡೆಯನ್ನು ದಿಂಬಿನ ಮೇಲಕ್ಕೆ ಎಸೆದುಕೊಳ್ಳುವುದು ಅವಳ ರೂಢಿ. ಎತ್ತ ಹೊರಳಿದರೂ ಅದು ಹಿಂದೆಯೇ ಬರುತ್ತದೆ, ಎಂದೂ ಎಳೆದದ್ದಿಲ್ಲ, ಚುಚ್ಚಿದ್ದಿಲ್ಲ. ನನ್ನ ಆರೂ ಕ್ಲ್ಯಾಂಪು ಬಿಚ್ಚಿಸಿದಳು. ಪೈಪನ್ನು ಹಣೆಯಿಂದ ನೆತ್ತಿಗೆ ಹಾಯಿಸಿ, ಜಡೆಯ ಜೊತೆ ಸೇರಿಸಿ, ಕೆಂಪು ರಿಬ್ಬನ್ನಿನಿಂದ ಎರಡು ಕಡೆ ಸಡಿಲವಾಗಿ ಕಟ್ಟಿ ಮಲಗಿದಳು. ಎಡಕ್ಕೆ ಹೊರಳಿದಳು. ಜಡೆ ಬಂತು, ಜಡೆಯ ಹಿಂದೆ ಪೈಪೂ ಬಂತು. ಅವಳು ಸಂಜೆ ಐದರವರೆಗೆ ಮಲಗಿದಳು. ನಾನು ಸ್ಟೂಲಿನ ಮೇಲೆ ಕೂತು ಅವಳ ಉಸಿರು ಒಂದೇ ಸಮ ಬರುವುದನ್ನು ಕೇಳುತ್ತಲೇ ಇದ್ದೆ. ಅಷ್ಟು ಚಂದದ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಿಂಗಳು ತುಂಬಿ ಡಾಕ್ಟರ ಬಳಿ ಹೋದಾಗ ಅವರು ಎಲ್ಲ ಕೇಳಿ ಸಂತೋಷಪಟ್ಟು, ಈ ಜಡೆಯ ಉಪಾಯ ಯಾರದು ಎಂದು ಕೇಳಿದರು. ನಾನು ಆ ಜೋಡಣೆಗೆಂದು ಬರೆದಿಟ್ಟಿದ್ದ ಡ್ರಾಯಿಂಗನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹಾಸಿದೆ. ‘ವಿನ್ಯಾಸ’ ಎಂಬಲ್ಲಿ ನನ್ನ ಸಹಿ, ‘ಪರಿಶೀಲನೆ’ ಎಂಬಲ್ಲಿ ನನ್ನ ಸಹಿ, ‘ಅನುಮೋದನೆ’ ಎಂಬಲ್ಲಿಯೂ ನನ್ನದೇ. ಸಾಮಾನುಗಳ ಪಟ್ಟಿಯಲ್ಲಿ: ‘ರಿಬ್ಬನ್, ಕೆಂಪು, ಎರಡು ಮೊಳ. ಜಡೆ, ಒಂದು, ಬಳಸುವವರೇ ತರತಕ್ಕದ್ದು.’ ಗಿರಿಜಾ ಪೂರ್ತಿ ಓದಿದಳು. ನನ್ನ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಚೊಕ್ಕ ತೆಲುಗಿನಲ್ಲಿ, ಈಗ ತನಗೆ ನಿದ್ದೆ ಚೆನ್ನಾಗಿ ಆಗಿ ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ ಎಂದಳು. ಆಗ ಪಕ್ಕದಿಂದ ಕಿಟಕಿ ನಡುಗುವಂಥ ಗೊರಕೆ ಕೇಳುತ್ತದೆ, ನಡುವೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ ಎಂದಳು. ಪಾಪ, ಇಷ್ಟು ವರ್ಷ ಅದು ತನ್ನ ಗೊರಕೆಯಲ್ಲಿ ಮುಚ್ಚಿಹೋಗಿತ್ತು ಎಂದೂ ಸೇರಿಸಿದಳು. ಡಾಕ್ಟರು ನನ್ನ ದಪ್ಪ ಕುತ್ತಿಗೆಯನ್ನು ನೋಡಿ ನನಗೂ ಪರೀಕ್ಷೆಯ ಚೀಟಿ ಬರೆಯತೊಡಗಿದರು.

ಹೋದ ವಾರ ನನ್ನ ಯಂತ್ರವೂ ಬಂತು. ಗಿರಿಜಾ ನನ್ನನ್ನು ಕನ್ನಡಿಯ ಮುಂದೆ ಕೂಡಿಸಿ, ಒಂದು ಕೈಯಲ್ಲಿ ಹೊಸ ರಿಬ್ಬನ್, ಇನ್ನೊಂದರಲ್ಲಿ ಡ್ರಾಯಿಂಗ್ ಹಿಡಿದು ಹಿಂದೆ ನಿಂತಳು. ಆಮೇಲೆ ರಿಬ್ಬನ್ನನ್ನು ಹೆಗಲಿಗೆ ಹಾಕಿಕೊಂಡು ನನ್ನ ತಲೆಯ ಮೇಲೆ ಅಂಗೈ ಆಡಿಸಿದಳು. ಆ ಕಿವಿಯಿಂದ ಈ ಕಿವಿಯವರೆಗೆ ಅವಳ ಕೈಗೆ ಒಂದು ಕೂದಲೆಳೆಯೂ ತಡೆಯಲಿಲ್ಲ.

“ನಿಮ್ಮ ಡ್ರಾಯಿಂಗ್ ಪ್ರಕಾರನ ಕಟ್ಟತೀನ್ರಿ,” ಎಂದಳು. “ಜಡಿ ತಂದೀರೇನು?”