ಳಕಾರದ ಗುರುಗಳು

ನಾಲಿಗೆಯ ವಿಷಯದಲ್ಲಿ ನನ್ನದೊಂದು ಅನುಭವವಿದೆ. ಅದು ಬಾಯೊಳಗೆ ಎಲ್ಲಿ ಏನು ಮಾಡುತ್ತದೆಂದು ವಿಚಾರಿಸಲು ಹೋಗಬಾರದು. ತನ್ನಷ್ಟಕ್ಕೆ ಬಿಟ್ಟರೆ ಬೆಳಗಿನಿಂದ ಸಂಜೆಯವರೆಗೆ ಗೊಣಗದೆ ದುಡಿಯುತ್ತದೆ. ಊಟ ಮಾಡಿಸುತ್ತದೆ, ಜಗಳ ಆಡಿಸುತ್ತದೆ. 'ಈಗ ಎಲ್ಲಿದ್ದೀಯಪ್ಪ?' ಎಂದು ಕೇಳಿದಿರೋ, ಆಗಲೇ ಹಲ್ಲಿಗೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ. ಇದನ್ನು ನಾನು ವ್ಯಾಕರಣದಿಂದ ಕಲಿತದ್ದಲ್ಲ, ಹುಮನಾಬಾದಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಜೊತೆಯ ಖಾದರ ಮಾಸ್ತರರಿಗೆ ಪಾಠ ಹೇಳಲು ಹೋಗಿ ಕಲಿತದ್ದು.

ನಿಜಾಮರ ಆಳ್ವಿಕೆ ಮುಗಿದು, ಶಾಲೆಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಮುಂದೆ ಬಂದ ದಿನಗಳು ಅವು. ನಾನು ಕಲ್ಯಾಣದವನು. ವಚನ ಹುಟ್ಟಿದ ಊರಲ್ಲಿ ಹುಟ್ಟಿದ್ದರಿಂದ ಕನ್ನಡ ನನಗೆ ರಕ್ತದಲ್ಲೇ ಬಂದಿದೆ ಎಂಬ ಜಂಬವಿತ್ತು. ಆ ಊರಿನ ಕತ್ತೆಗಳೂ ಅಲ್ಲಿಯೇ ಹುಟ್ಟಿದವು ಎಂಬುದು ಆಗ ಹೊಳೆದಿರಲಿಲ್ಲ. ಖಾದರ ಮಾಸ್ತರರು ಹೈದರಾಬಾದು ಶಹರದಲ್ಲಿ ಬೆಳೆದವರು, ಲೆಕ್ಕ ಕಲಿಸುವುದರಲ್ಲಿ ಎತ್ತಿದ ಕೈ. ಅವರ ಕನ್ನಡವೆಲ್ಲ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತ ಕಲಿತದ್ದು. ಕೆಲಸಕ್ಕೆ ಸಾಕಾಗುವಷ್ಟಿತ್ತು, ಆದರೆ ಅದರಲ್ಲಿ 'ಳ' ಇರಲಿಲ್ಲ. ಉರ್ದುವಿನಲ್ಲಿ ಆ ಅಕ್ಷರವೇ ಇಲ್ಲ. ಅವರ ನಾಲಿಗೆ ಅದರ ಮನೆಯನ್ನೇ ನೋಡಿರಲಿಲ್ಲ. ತರಗತಿಯಲ್ಲಿ ಅವರು 'ಎಲ್ಲರೂ ಜೋರಾಗಿ ಹೇಳ್ರಿ' ಎನ್ನಲು ಹೋಗುತ್ತಿದ್ದರು. ಅಲ್ಲಿ ಳ ಜಾರಿ ಲ ಆದರೆ ಏನಾಗುತ್ತದೆಂದು ಕನ್ನಡ ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಸಾಲಿನವರು ಚೆಂಬು ಕೇಳಿದರಂತೆ.

ನಗುವುದೇನೋ ನಕ್ಕೆವು. ಅಷ್ಟರಲ್ಲಿ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು. ಮಾಸ್ತರರೆಲ್ಲ ಅವರೆದುರು ಕನ್ನಡ ಓದಬೇಕು, ಓದು ಕೆಟ್ಟವರ ನೌಕರಿ ಹೋಗುತ್ತದೆ ಎಂದರು. ಖಾದರ ಮಾಸ್ತರರು ನನ್ನನ್ನು ಬೇವಿನ ಕಟ್ಟೆಗೆ ಕರೆದೊಯ್ದರು.

"ಭೀಮರಾಯರ, ಮನ್ಯಾಗ ಮಕ್ಕಲ ಲಗ್ನ ಬಾಕಿ ಅದ. ಒಂದು ಅಕ್ಷರದ ಸಲುವಾಗಿ ನೌಕರಿ ಹೋದ್ರ ಎಲ್ಲಿಗಿ ಹೋಗ್ಲಿರಿ?"

"ನಾ ಇದ್ದೇನಲ್ರಿ" ಎಂದೆ. ಇಂಥ ಮಾತನ್ನು ನಾನು ಬಹಳ ಸಲೀಸಾಗಿ ಆಡುತ್ತೇನೆ.

ಪಾಠ ನಮ್ಮ ಮನೆಯ ಕಟ್ಟೆಯ ಮೇಲೆ ನಡೆಯಿತು. ಕ ಗಂಟಲಿನದು, ತ ಹಲ್ಲಿನದು, ಪ ತುಟಿಯದು ಎಂದು ಬಾಯಿ ಅಗಲಿಸಿ ತೋರಿಸಿದೆ. "ಳಕ್ಕ ನಾಲಿಗಿ ಹಿಂದಕ್ಕ ಮಡಚಿ ಅಂಗಳಕ್ಕ ಹಚ್ರಿ" ಎಂದು ನಾನು ಬಾಯಿಯ ಮೇಲ್ಭಾಗದ ಅಂಗಳ ಹೇಳಿದರೆ ಅವರು ಮನೆಯ ಹೊರಗಿನ ಅಂಗಳ ನೋಡಿದರು. ಕನ್ನಡಿ ಹಿಡಿದು ನನ್ನ ನಾಲಿಗೆಯನ್ನೇ ಪರೀಕ್ಷಿಸಲು ಹೋಗಿ ನನಗೂ ಳ ಬಾರದಂತಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. "ಟ ಅನ್ರಿ" ಎಂದೆ. ಅಂದರು. ಟ ಅವರಿಗೆ ಹುಟ್ಟಿನಿಂದಲೇ ಬರುತ್ತಿತ್ತು. "ನಾಲಿಗಿ ಅಲ್ಲೇ ಇರ್ಲಿ, ಕೆಳಗ ಇಳಸಬ್ಯಾಡ್ರಿ. ಈಗ ಲ ಅನ್ರಿ."

"ಟ... ಟ... ಳ!"

ಇಬ್ಬರೂ ಅಪ್ಪಿಕೊಂಡೆವು. ಆಮೇಲೆ ನೋಡಿ ಗ್ರಹಚಾರ. ಸಿಕ್ಕ ಳವನ್ನು ಅವರು ಬೇಕಾದಲ್ಲಿ ಬೇಡವಾದಲ್ಲಿ ಧಾರಾಳವಾಗಿ ಹಂಚತೊಡಗಿದರು. ನನ್ನ ಹೆಂಡತಿ ಚಹಾ ಕೊಟ್ಟರೆ, "ವೈನಿ, ನಿಮ್ಮ ಎಮ್ಮಿ ಹಾಳು ಛಳೋ ಅದ ನೋಡ್ರಿ" ಎಂದರು.

"ನಮ್ಮ ಎಮ್ಮಿ ಯಾಕ ಹಾಳಾಗಬೇಕ್ರಿ?" ಎಂದು ಅವಳು ಬಟ್ಟಲು ಎತ್ತಿಕೊಂಡು ಹೋದಳು. ಕಾಲು ಯಾವುದು ಕಾಳು ಯಾವುದು, ಹುಲಿ ಯಾವುದು ಹುಳಿ ಯಾವುದು ಎಂದು ಬೇರ್ಪಡಿಸುವಷ್ಟರಲ್ಲಿ ಇಬ್ಬರ ದವಡೆಯೂ ನೋಯುತ್ತಿತ್ತು.

ಸಾಹೇಬರು ಬಂದರು. ಧಾರವಾಡದ ಕಡೆಯವರು, ಕಿವಿ ಚುರುಕು. ಖಾದರ ಮಾಸ್ತರರು ಪುಸ್ತಕ ಹಿಡಿದರು. ಹೊಳೆಯ ದಡ, ಎಳೆಯ ಬಾಳೆ, ನೆರಳಲ್ಲಿ ಕುಳಿತ ಹಾಲು ಮಾರುವವಳು ಎಲ್ಲ ಒಂದೇ ಪಾಠದಲ್ಲಿ ಸಾಲಾಗಿ ಬಂದರು. ನಾನು ಕಣ್ಣು ಮುಚ್ಚಿ ಕೂತಿದ್ದೆ. ಹೊಳೆ ದಾಟಿತು, ಬಾಳೆ ದಾಟಿತು, ಹಾಲು ಹಾಲಾಗಿಯೇ ಉಳಿಯಿತು. "ಶಾಬಾಸ್ ಮಾಸ್ತರ" ಎಂದರು ಸಾಹೇಬರು. ಖಾದರ ಮಾಸ್ತರರ ಕಣ್ಣಲ್ಲಿ ನೀರು ನಿಂತಿತು.

ಮುಂದಿನ ಸರದಿ ನನ್ನದು. ಧನವಂತನಿಗೆ ಭಯ ಹೆಚ್ಚು ಎಂಬ ಸಾಲನ್ನು ಕಲ್ಯಾಣದ ಠೀವಿಯಿಂದ ಗಡಗಡ ಓದಿದೆ.

"ದನವಂತ ಅಂದ್ರ ಯಾರ್ರಿ? ದನ ಕಾಯಾಂವೇನು?" ಎಂದರು ಸಾಹೇಬರು. "ಅದು ಮಹಾಪ್ರಾಣ ಅದ. ಉಸಿರು ಜೋರಾಗಿ ಬರಬೇಕು. ನಿಮ್ಮ ಹೆಸರೇನು?"

"ಬೀಮರಾಯ ರೀ."

"ಇಲ್ಲಿ ಭೀಮರಾಯ ಅಂತ ಬರದದಲ್ಲ?"

ನಾನು ಮತ್ತೆ ಹೇಳಿದೆ. ಮತ್ತೆ ಬೀಮರಾಯನೇ ಬಂದ. ಅವ್ವ ಹಾಗೇ ಕರೆದಿದ್ದಳು, ಊರೆಲ್ಲ ಹಾಗೇ ಕರೆದಿತ್ತು. ಬರೆಯುವಾಗ ಮಾತ್ರ ನಾನು ಭೀಮನಾಗುತ್ತಿದ್ದೆ. ಉರ್ದುವಿನವರಿಗೆ ಭ, ಧ ಎಲ್ಲ ನೀರು ಕುಡಿದಷ್ಟು ಸುಲಭ. ಸಾಹೇಬರು ಪುಸ್ತಕ ಮುಚ್ಚಿ, "ಖಾದರ ಮಾಸ್ತರ ಕಡೆ ಕಲೀರಿ. ಮುಂದಿನ ಸಲ ಬಂದಾಗ ಹೆಸರು ಕೇಳ್ತೀನಿ" ಎಂದು ಎದ್ದರು.

ಮರುದಿನದಿಂದ ಅದೇ ಕಟ್ಟೆಯ ಮೇಲೆ ಖಾದರ ಮಾಸ್ತರರು ಗುರು, ನಾನು ಶಿಷ್ಯ. "ಅಂಗೈ ಬಾಯಿ ಮುಂದ ಹಿಡೀರಿ. ಭೀ ಅಂದ್ರ ಗಾಳಿ ಬಡೀಬೇಕು" ಎಂದರು. ನನ್ನ ಅಂಗೈಗೆ ಉಗುಳು ಬಡಿಯಿತು, ಗಾಳಿ ಬಡಿಯಲಿಲ್ಲ. ಹೆಂಡತಿ ಬಾಗಿಲಿಗೆ ಬಂದು, "ಏನು ಮಾಡಾಕತ್ತೀರಿ? ಕುರಿ ಒದರಿದಂಗ ಕೇಳಾಕತ್ತದ" ಎಂದಳು. ಗುರುಗಳು ಸೋತು, "ವೈನಿ, ಇವರ ಹೆಸರು ನೀವರ ಒಮ್ಮೆ ಹೇಳಿ ತೋರಸ್ರಿ" ಎಂದು ಕೈ ಮುಗಿದರು. ಅವಳು ಸೆರಗು ಬಾಯಿಗೆ ಒತ್ತಿ ಒಳಗೆ ಓಡಿದಳು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಹೀಗಾಗಿ ಇಡೀ ಹುಮನಾಬಾದಿನಲ್ಲಿ ನನ್ನ ಹೆಸರನ್ನು ಈವರೆಗೆ ಕೆಡಿಸದ ಕನ್ನಡದ ಬಾಯಿ ಅದೊಂದೇ.