ದಲಾಲಿಯ ಪ್ಲಾಸ್ಟರ್ ಕಾಲು ಮತ್ತು ಆಮೆ ಕಾರ್ಡು

ನಮ್ಮ ಮನೆಯವರನ್ನು ಒಂದು ಕಡೆ ಕೂಡಿಸಿದರೆ ಸಾಕು, ಮನೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ಅವರು ಎತ್ತಿನ ದಲಾಲಿ. ಮೂಡಲಗಿ, ಹುಕ್ಕೇರಿ ಅಂತ ಸಂತೆ ತಿರುಗುವ ಮನುಷ್ಯ. ಟೆಂಪೋದಿಂದ ಇಳಿಯುವಾಗ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೊಣ್ಣೂರಿನ ನಮ್ಮ ಪಡಸಾಲೆಯಲ್ಲಿ ಕೂತರು. ಕೂತರು ಅನ್ನೋದು ಬರೀ ಮಾತಿಗೆ. ಮಂಚದ ಮೇಲೆ ಆಚೆ ಸರಿಯೋದು, ಈಚೆ ಸರಿಯೋದು, ಸ್ವೆಟರ್ ಹೆಣೆಯುವ ನನ್ನ ಕಡ್ಡಿಯನ್ನು ಪ್ಲಾಸ್ಟರಿನೊಳಗೆ ತೂರಿಸಿ ಕೆರೆಯೋದು. ಆಗಿನ್ನೂ ನಮ್ಮ ಮನೆಗೆ ಮೊಬೈಲು ಬಂದಿರಲಿಲ್ಲ. ಅವರ ಕಾಟ ತಾಳಲಾರದೆ ಮಗಳು ತನ್ನ ಪ್ರಾಣಿ ಕಾರ್ಡಿನ ಆಟ ಕಲಿಸಿದಳು.

ಬಾಯಿ ಮುಚ್ಚಿದ ಮಾಲು

ಚಿಪ್ಸ್ ಪಾಕೀಟಿನಲ್ಲಿ ಬರುವ ಕಾರ್ಡುಗಳವು. ಒಂದೊಂದರ ಮೇಲೂ ಒಂದು ವಿಚಿತ್ರ ಪ್ರಾಣಿ, ಹೊಡೆಯುವ ಬಲ ಇಷ್ಟು, ತಡೆಯುವ ಬಲ ಇಷ್ಟು ಅಂತ ಬರೆದಿರುತ್ತದೆ. ಎದುರಿನದರ ತಡೆಯುವ ಬಲ ಹೆಚ್ಚಿದ್ದರೆ, ಹೊಡೆಯಲು ಹೋದದ್ದೇ ಸತ್ತಂತೆ. ಒಮ್ಮೆ ಹೊಸದೊಂದು ಬಂತು. ಬೆನ್ನ ಮೇಲೆ ಗುಡ್ಡ ಹೊತ್ತ ಆಮೆ! ಹೊಡೆಯುವ ಬಲ ಸೊನ್ನೆ, ತಡೆಯುವ ಬಲ ಎಲ್ಲಕ್ಕಿಂತ ಹೆಚ್ಚು.

ಇವರು ಮೂಗಿಗೆ ಚಾಳೀಸು ಏರಿಸಿ, ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಹಾಗೆ ಕಾರ್ಡನ್ನು ಬೆಳಕಿಗೆ ಹಿಡಿದರು.

"ಹಲ್ಲ ಕಾಣವಲ್ವು. ಮಾಲು ಬಾಯಿ ಮುಚ್ಚೇತಿ ಅಂದ್ರ ವಯಸ್ಸಾಗೇತಿ."

"ಅಪ್ಪಾ, ಅದು ಚಿತ್ರ!"

"ಚಿತ್ರ ತಗಸುವಾಗರ ಬಾಯಿ ತಗಸಬೇಕಿಲ್ಲೋ?"

ಅದರ ಕೆಲಸ

ಆಟದಲ್ಲಿ ಆ ಆಮೆಯದು ಏನು ಕೆಲಸ ಅನ್ನೋದೇ ವಾದ. ಇವರು ಅದನ್ನು ಮೂಲೆಗೆ ತಳ್ಳಿ, ಕೈಯಲ್ಲಿದ್ದ ಹುಲಿ ಸಿಂಹಗಳನ್ನೆಲ್ಲ ಒಂದೇ ಸಲಕ್ಕೆ ನುಗ್ಗಿಸುವರು, ಸೋಲುವರು. ಮತ್ತೆ ನುಗ್ಗಿಸುವರು, ಮತ್ತೆ ಸೋಲುವರು.

ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆ ಕೇಳಿದರು, "ಆ ಆಮಿ ಏನ ಮಾಡ್ತೈತಿ?"

"ಏನೂ ಮಾಡೂದಿಲ್ಲ ಆಯಿ. ಎಲ್ಲಾರ ಮುಂದ ಕುಂದರತೈತಿ, ಯಾರ ಹೊಡದ್ರೂ ಏಟು ತಾನ ತಿಂತೈತಿ" ಅಂದಳು ಮೊಮ್ಮಗಳು.

ಅತ್ತೆ ನನ್ನ ಕಡೆ ನೋಡಿದರು. "ನಮ್ಮ ಕಾಲದಾಗ ಅದಕ್ಕ ಸೊಸಿ ಅಂತಿದ್ವಿ."

ಟವೆಲ್ಲಿನೊಳಗಿನ ವ್ಯಾಪಾರ

ಒಂದು ಸಂಜೆ ಘೋಡಗೇರಿಯಿಂದ ಇವರ ಜೊತೆ ಸಂತೆ ತಿರುಗುವ ದಲಾಲಿ ಗೆಳೆಯರೊಬ್ಬರು ನೋಡೋಕೆ ಬಂದರು. ಅವರ ಮೊಮ್ಮಗನಿಗೂ ಇದೇ ಹುಚ್ಚು, ಅವನ ಕಾರ್ಡು ಅಜ್ಜನ ಅಂಗಿಯ ಜೇಬಿನಲ್ಲಿ ಇದ್ದೇ ಇದ್ದವು. ಚಹಾ ಆರುವುದರೊಳಗೆ ಇಬ್ಬರೂ ಕೈ ಮೇಲೆ ಟವೆಲ್ ಮುಚ್ಚಿ, ಸಂತೆಯಲ್ಲಿ ಮಾಡುವ ಹಾಗೆ ಬೆರಳು ಹಿಡಿದು ಚೌಕಾಸಿಗೆ ಕೂತರು. ಮಗಳು "ಅಪ್ಪಾ, ಆಮಿ ಕೊಡಬ್ಯಾಡ" ಅನ್ನುತ್ತಲೇ ಇದ್ದಳು. ಇವರು ಆಮೆ ಕೊಟ್ಟು ಎರಡು ಸಿಂಹ ತಗೊಂಡು, "ಪುಕ್ಕಟ ಬಂದಂಗಾತು" ಅಂತ ಮೀಸೆ ತಿರುವಿದರು.

ಆಟ ಶುರುವಾಯಿತು. ಗೆಳೆಯ ಆಮೆಯನ್ನು ಮುಂದೆ ಕೂಡಿಸಿ ನಿಧಾನ ಚಹಾ ಕುಡಿಯುತ್ತಿದ್ದರೆ, ಇವರ ಸಿಂಹಗಳು ಒಂದೊಂದಾಗಿ ಹೋಗಿ ಅದಕ್ಕೆ ಗುದ್ದಿ ಸತ್ತವು. ಎರಡನೆಯದು ಸತ್ತ ಕೂಡಲೇ, "ಆ ಆಮಿ ಹೊಳ್ಳಿ ಕೊಡೋ!" ಅಂತ ಇವರು ಮಂಚದಿಂದ ಹಾರಿ ನಿಂತರು. ಪ್ಲಾಸ್ಟರು ಚಟ್ ಅಂತ ಬಿರುಕು ಬಿಟ್ಟಿತು.

ಎಲ್ಲರೂ ಗೋಕಾಕದ ಆಸ್ಪತ್ರೆಗೆ ಓಡಿದೆವು.

"ಹೆಂಗ ಒಡೀತ್ರಿ ಇದು?" ಡಾಕ್ಟರು ಕೇಳಿದರು.

ಇವರು ಗೋಡೆ ನೋಡಿದರು. ನಾನು ನೆಲ ನೋಡಿದೆ. ನಮ್ಮ ಅತ್ತೆಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಇವ ಆಮಿ ಮಾರಿದ್ನ್ರಿ ಸಾಹೇಬ್ರ. ಅದು ಇವನ ಎರಡೂ ಸಿಂಹ ಕೊಂದತ್ರಿ. ಅದಕ್ಕ ಎದ್ದು ನಿಂತ."

ಡಾಕ್ಟರು ಇವರ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಟಾರ್ಚು ತಗೊಂಡು ಅತ್ತೆಯ ಕಣ್ಣಿಗೆ ಹಿಡಿದರು.

"ಅಜ್ಜಿಗೆ ಯಾವಾಗಿಂದ ಹಿಂಗ ಆಗಾಕತ್ತೇತಿ?"