ಅರ್ಧ ಗೇಣಿನ ಜಗಳ

ನಮ್ಮಪ್ಪನಿಗೆ ಮಕ್ಕಳು ಮೂವರು ಎಂದು ಊರಿನವರು ಹೇಳುತ್ತಿದ್ದರು. ಅವ್ವ ಹೆತ್ತದ್ದು ನನ್ನನ್ನು ಮತ್ತು ನನ್ನ ತಂಗಿಯನ್ನು ಮಾತ್ರ. ಮೂರನೆಯದು, ಮರ್ಯಾದೆಯಲ್ಲಿ ಮೊದಲನೆಯದು, ನಡುಮನೆಯ ತೊಲೆಗೆ ತೂಗುಹಾಕಿದ್ದ ಕೂರಿಗೆ!

ಸಾಸ್ವೆಹಳ್ಳಿಯಿಂದ ಎರಡು ಮೈಲಿ ದೂರದ ನಮ್ಮೂರಿನಲ್ಲಿ ಕೂರಿಗೆ ಇಲ್ಲದ ರೈತನಿರಲಿಲ್ಲ. ಮೇಲೊಂದು ಮರದ ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ದಿಂಡಿನ ಮರಕ್ಕೆ ಜೋಡಿಸಿದ, ನೆಲ ಸೀಳುವ ತಾಳುಗಳು. ಎತ್ತು ಎಳೆಯುತ್ತಿದ್ದರೆ ಹೆಂಗಸೊಬ್ಬಳು ಹಿಂದೆ ನಡೆಯುತ್ತಾ ಹಿಡಿಯಲ್ಲಿನ ಕಾಳನ್ನು ಬಟ್ಟಲಿಗೆ ಬಿಡುತ್ತಾ ಹೋಗುತ್ತಾಳೆ. ಇಷ್ಟೇ ಅದರ ಮಹಿಮೆ. ಅದಕ್ಕೆ ಅಪ್ಪ ಪ್ರತಿ ಬೇಸಿಗೆಯಲ್ಲೂ ಹರಳೆಣ್ಣೆ ಕುಡಿಸಿ, ಹಳೆಯ ಧೋತರದಲ್ಲಿ ಸುತ್ತಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಮೇಲಕ್ಕೇರಿಸುತ್ತಿದ್ದ. ಅಷ್ಟರಲ್ಲಿ ಎಣ್ಣೆ ಮುಗಿದಿದ್ದರೆ ಅವ್ವನ ತಲೆ ಮುಂದಿನ ಸಂತೆಯವರೆಗೆ ಕಾಯಬೇಕು! ನನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಹುಟ್ಟಿದ ವರ್ಷ ಕೇಳಿದರೆ, ಕೂರಿಗೆಯ ದಿಂಡು ಬದಲಾಯಿಸಿದ ವರ್ಷ ಎಂದನಂತೆ. ಪಾಪ, ಮೇಷ್ಟರು ತಮಗೆ ತೋಚಿದ ತಾರೀಖು ಬರೆದುಕೊಂಡರು. ನಾನು ಇಂದಿಗೂ ಆ ತಾರೀಖಿನಂದೇ ಹುಟ್ಟಿದ್ದೇನೆ.

ನಾನು ಚನ್ನಗಿರಿಯ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಓದಿದವನು. ಒಮ್ಮೆ ಅವ್ವ ಮಾಡಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹೊತ್ತುಕೊಂಡು ಅಪ್ಪ ನನ್ನನ್ನು ನೋಡಲು ಹೊರಟ. ನಮ್ಮ ಹಾಸ್ಟೆಲಿನ ಎದುರಿಗೇ ಒಬ್ಬ ಬಡಗಿಯ ಅಂಗಡಿ. ಅಲ್ಲಿ ಯಾವನೋ ಕೂರಿಗೆ ಮಾಡಿಸುತ್ತಿದ್ದ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ಕೂತ ಅಪ್ಪ ಸಂಜೆ ಬಸ್ಸಿನ ಹೊತ್ತಿಗೆ ಎದ್ದು, ಗಂಟನ್ನು ಬಡಗಿಯ ಕೈಗೆ ಕೊಟ್ಟು, ಎದುರಿನ ಮನೆಯಲ್ಲಿ ನನ್ನ ಮಗ ಇದ್ದಾನೆ, ಕೊಡಿ ಎಂದು ಹೇಳಿ ಊರಿಗೆ ಹೋದ. ಅರ್ಧ ರೊಟ್ಟಿಯನ್ನು ಬಡಗಿ ತಿಂದಿದ್ದ. ಅಪ್ಪನ ಮಾತನ್ನು ಇಡೀ ದಿನ ಕೇಳಿದವನಿಗೆ ಅಷ್ಟು ಕೂಲಿ ನ್ಯಾಯವೇ ಅಲ್ಲವೇ?

ಇದೆಲ್ಲ ನಗುವಂಥದ್ದು. ತಂಗಿಗೆ ಗಂಡು ಹುಡುಕುವ ಕಾಲ ಬಂದಾಗ ನಗು ನಿಂತಿತು.

ಎರಡನೆಯ ಮಹಾಯುದ್ಧದ ವರ್ಷಗಳು. ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ತಂಗಿಗೆ ಹದಿನೆಂಟು ತುಂಬಿತ್ತು. ಅವಳ ಜೊತೆ ಕುಂಟಾಬಿಲ್ಲೆ ಆಡಿದವರೆಲ್ಲ ಕಂಕುಳಲ್ಲಿ ಕೂಸು ಹೊತ್ತು ತವರಿಗೆ ಬರುತ್ತಿದ್ದರು. ಗಂಡು ತೋರಿಸುವ ಹೊಣೆ ನ್ಯಾಮತಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವನದು. ನೋಡಿ ಒಪ್ಪುವ ಹೊಣೆ ಅಪ್ಪನದು. ಅಪ್ಪ ಗಂಡನ್ನು ನೋಡಿದರೆ ತಾನೇ? ಯಾರ ಮನೆಗೆ ಹೋದರೂ ಕಾಲು ತೊಳೆದವನೇ ನೇರ ಕೊಟ್ಟಿಗೆಗೆ ನಡೆದು, ನೇಗಿಲು, ಕುಂಟೆ, ಕೂರಿಗೆಗಳನ್ನು ತಡವಿ, ಮೂಸಿ, ಬಂದು ಮಾವನ ಕಿವಿಯಲ್ಲಿ ತೀರ್ಪು ಹೇಳುತ್ತಿದ್ದ.

ಗೋವಿನಕೋವಿಯ ಹುಡುಗ ಓದಿದವನು, ನೋಡಲು ಲಕ್ಷಣವಾಗಿದ್ದ. ಆ ಮನೆಯ ನೇಗಿಲು ಮಳೆಯಲ್ಲಿ ನೆನೆಯುತ್ತಿತ್ತು, ಬೇಡ. ಸಂತೇಬೆನ್ನೂರಿನವರು ಅಡಿಕೆ ತೋಟದವರು, ಹುಡುಗಿ ಬಿಸಿಲು ಕಾಣದೆ ಬಾಳಬಹುದಿತ್ತು. ಆದರೆ ತೋಟಕ್ಕೆ ಕೂರಿಗೆ ಏಕೆ? ಅವರಲ್ಲಿ ಅದು ಇರಲೇ ಇಲ್ಲ. ಕೂರಿಗೆಯೇ ಇಲ್ಲದ ಮನೆಯಲ್ಲಿ ಮನುಷ್ಯರು ಹೊತ್ತು ಹೇಗೆ ಕಳೆಯುತ್ತಾರೆ ಎಂದು ಅಪ್ಪ ದಾರಿಯುದ್ದಕ್ಕೂ ಮರುಗಿದನಂತೆ. ಮೂರನೆಯದು ನ್ಯಾಮತಿಯಲ್ಲೇ, ಮಾವನ ಖಾಸಾ ಗೆಳೆಯರ ಮನೆ. ಅಲ್ಲಿ ಕೂರಿಗೆ ಇತ್ತು, ಅದರ ಬಟ್ಟಲಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಪ್ಪ ಒಂದು ಲೋಟ ನೀರು ಕುಡಿದು ಎದ್ದು ಬಂದ. ಮಾವ ಆರು ತಿಂಗಳು ಆ ಗೆಳೆಯರ ಬೀದಿಯಲ್ಲಿ ನಡೆಯಲಿಲ್ಲ.

ಕೊನೆಗೆ ಮಾವ ರೋಸಿಹೋಗಿ ಜಗಳೂರು ಕಡೆಯ ಒಂದು ಮನೆ ಹುಡುಕಿದ. ಆ ಬಯಲುಸೀಮೆಯಲ್ಲಿ ಬೇಸಾಯದ ಸಾಮಾನು ಬಿಟ್ಟರೆ ನೋಡಲು ಬೇರೇನೂ ಇಲ್ಲ, ಅಲ್ಲಿಯೂ ನಿಮ್ಮಪ್ಪ ಒಪ್ಪದಿದ್ದರೆ ನಾನು ಕಾವಿ ಉಡುತ್ತೇನೆ ಎಂದ.

ಅಲ್ಲಿ ನಡೆದದ್ದನ್ನು ಮಾವನ ಬಾಯಲ್ಲೇ ಕೇಳಬೇಕು. ಹುಡುಗನ ತಂದೆ, ನಾವು ಮುಂದೆ ಗೌಡರು ಎಂದು ಕರೆದವರು, ಬಾಗಿಲಲ್ಲೇ ಅಪ್ಪನನ್ನು ತಡೆದು, ಉಪ್ಪಿಟ್ಟು ಆಮೇಲೆ ತಿಂದರಾಯಿತು, ಮೊದಲು ನಮ್ಮ ಕೂರಿಗೆ ನೋಡಿ ಎಂದರಂತೆ. ಭೂಮಿಯ ಮೇಲೆ ಇಂಥವರು ಇಬ್ಬರಿದ್ದರು! ಇಬ್ಬರೂ ಮೂರು ಗಂಟೆ ಕೊಟ್ಟಿಗೆ ಬಿಟ್ಟು ಬರಲಿಲ್ಲ. ಹುಡುಗ ಪೇಟ ಸುತ್ತಿಕೊಂಡು ಕಂಬಕ್ಕೆ ಆನಿಕೊಂಡು ನಿಂತು, ನಿಂತು, ಸಾಕಾಗಿ ಹೊಲಕ್ಕೆ ಹೋದ. ಅಪ್ಪ ಊರಿಗೆ ಬಂದಾಗ ಹುಡುಗ ಹೇಗಿದ್ದಾನೆ ಎಂದು ಅವ್ವ ಕೇಳಿದಳು.

"ಹುಡುಗನಾ? ಇದ್ದ ಅನ್ಸುತ್ತೆ," ಎಂದ ಅಪ್ಪ.

ಹುಡುಗನನ್ನು ಕಣ್ಣಿಟ್ಟು ನೋಡಿದವನು ಮಾವ ಒಬ್ಬನೇ. ಬಿಸಿಲಲ್ಲಿ ಹೊಲದಿಂದ ಬಂದ ಹುಡುಗ ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಅವಕ್ಕೆ ನೀರು ಕುಡಿಸಿ, ಹೆಗಲು ಉಜ್ಜಿ, ಆಮೇಲೆ ತಾನು ನೀರು ಕುಡಿದನಂತೆ. ಇದನ್ನು ಮಾವ ಹೇಳುವಾಗ ತಂಗಿ ಬಾಗಿಲ ಮರೆಯಲ್ಲಿದ್ದಳು. ಮರುದಿನ ರೊಟ್ಟಿ ಬಡಿಸುತ್ತಾ, ತಲೆ ಎತ್ತದೆ, "ಮಾವ, ಆ ಎತ್ತು ಬಿಚ್ಚಿದ್ದು ಇನ್ನೊಂದ್ ಸಲ ಹೇಳು," ಎಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಮಾತು ಅಲ್ಲಿಗೆ ತಿಳಿಯಿತು.

ಆದರೆ ಮೂರು ಗಂಟೆಯ ಕೊನೆಗೆ ಅಲ್ಲೊಂದು ಅನಾಹುತವೂ ಆಗಿತ್ತು. ಗೌಡರ ಕೂರಿಗೆಯಲ್ಲಿ ತಾಳಿನಿಂದ ತಾಳಿಗೆ ಎರಡು ಗೇಣು. ನಮ್ಮದರಲ್ಲಿ ಒಂದೂವರೆ. ಅಷ್ಟು ಅಗಲ ಬಿತ್ತುವುದು ಭೂಮಿಯನ್ನು ಹಾಳುಬಿಟ್ಟಂತೆ ಎಂದು ಅಪ್ಪ ಹೇಳಿದ. ಇಕ್ಕಟ್ಟಾಗಿ ಬಿತ್ತುವುದು ಪೈರಿನ ಕತ್ತು ಹಿಚುಕಿದಂತೆ ಎಂದು ಗೌಡರು ಹೇಳಿದರು. ಅರ್ಧ ಗೇಣಿಗಾಗಿ ಇಬ್ಬರು ಹಿರಿಯರು ಎದ್ದು ನಿಂತರು. ಮಾವ ನಡುವೆ ನಿಂತ. ನನ್ನ ಹೊಲದಲ್ಲಿ ಬಂದು ಬಿತ್ತಿ ತೋರಿಸಿ ನೋಡೋಣ ಎಂದು ಅಪ್ಪ ಬೀಳ್ಕೊಂಡ.

ಮನುಷ್ಯರಾದವರು ಇಂಥ ಮಾತನ್ನು ಅಲ್ಲೇ ಮರೆಯುತ್ತಾರೆ. ರೋಹಿಣಿ ಮಳೆ ಬಿದ್ದ ಮೂರನೆಯ ದಿನ ಜಗಳೂರಿನಿಂದ ಒಂದು ಗಾಡಿ ಬಂತು!

ನಾನು ಆಗ ಚನ್ನಗಿರಿಯಲ್ಲೇ ಮೇಷ್ಟರಾಗಿದ್ದೆ, ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಹೆಣ್ಣು ನೋಡಲು ಬರುತ್ತಾರೆಂದು ಮಾವ ಮೊದಲೇ ತಿಳಿಸಿದ್ದರಿಂದ ಎಲ್ಲವನ್ನೂ ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಹತ್ತಕ್ಕೆ ಕಾಲಿಗೆ ನೀರು, ಹತ್ತೂಕಾಲಿಗೆ ಶಾವಿಗೆ ಪಾಯಸ, ರಾಹುಕಾಲಕ್ಕೆ ಮೊದಲು ಹುಡುಗಿ ಬಂದು ಕೂರುವುದು. ಗಾಡಿಯಿಂದ ಗೌಡರು ಇಳಿದರು. ಅವರ ಹಿಂದೆ ಹಗ್ಗ ಬಿಗಿದ ಕೂರಿಗೆ ಇಳಿಯಿತು. ಅದರ ಹಿಂದೆ ಯಾರೂ ಇಳಿಯಲಿಲ್ಲ.

"ಹುಡುಗನ್ನ ಕರ್ಕೊಂಡ್ ಬರ್ಲಿಲ್ಲೇನ್ರೀ?" ಎಂದು ಅವ್ವ ಗಾಡಿಯೊಳಗೆ ಇಣುಕಿ ಕೇಳಿದಳು.

"ಗಾಡ್ಯಾಗೆ ಜಾಗ ಎಲ್ಲೈತೆ ತಾಯಿ?" ಎಂದರು ಗೌಡರು.

ಕಾಲಿಗೆ ನೀರು ಕೊಡುವ ಮೊದಲೇ ಇಬ್ಬರೂ ಕೂರಿಗೆಗಳನ್ನು ಪಕ್ಕಪಕ್ಕ ನಿಲ್ಲಿಸಿ ಗೇಣು ಹಾಕಲು ಶುರುಮಾಡಿದರು. ಹೊಳೆಯ ದಿಕ್ಕಿನ ಎರೆ ಹೊಲವನ್ನು ಅರ್ಧ ಮಾಡಿ, ಆ ಅರ್ಧ ಅವರ ಕೂರಿಗೆಯಿಂದ, ಈ ಅರ್ಧ ನಮ್ಮದರಿಂದ ಜೋಳ ಬಿತ್ತುವುದೆಂದು ಮಾತಾಯಿತು. ತೆನೆ ತೂಗಿ ನೋಡೋಣ ಎಂದ ಅಪ್ಪ. ತೆನೆ ಬರುವವರೆಗೆ ಹುಡುಗಿ ಅಜ್ಜಿಯಾಗುತ್ತಾಳೆ, ಮೊಳಕೆ ನೋಡಿ ತೀರ್ಮಾನ ಮಾಡಿ ಎಂದು, ಹಿಂದಿನ ದಿನವೇ ನ್ಯಾಮತಿಯಿಂದ ಬಂದಿದ್ದ ಮಾವ ಹಟ ಹಿಡಿದ. ಯಾರ ಅರ್ಧದಲ್ಲಿ ಸಾಲು ತಪ್ಪದೆ ಮೊಳೆಯುತ್ತದೋ ಅವರು ಗೆದ್ದಂತೆ. ಆಗ ಅಪ್ಪ, ನಮ್ಮೆಲ್ಲರ ಎದೆ ಒಡೆಯುವ ಹಾಗೆ, ಪಂದ್ಯದ ಒಡ್ಡು ಹೇಳಿದ.

"ನಿಮ್ಮದು ಮೇಲಾದ್ರೆ ಮಗಳನ್ನ ಕೊಡ್ತೀನಿ ಗೌಡ್ರೇ. ನಂದು ಮೇಲಾದ್ರೆ ಈ ಮಾತು ಇಲ್ಲಿಗೇ ಬಿಡೋಣ."

"ಎರಡೂ ಸಮ ಆದ್ರೆ?" ಎಂದೆ ನಾನು. ಮೇಷ್ಟರಿಗೆ ಎಲ್ಲ ಸಾಧ್ಯತೆಗಳೂ ಬೇಕು.

"ಸಮ ಆದ್ರೆ ನಂದೇ ಗೆದ್ದಂಗೆ. ಹೊಲ ನಂದಲ್ಲೇನು?"

ಅವ್ವ ಒರಳಿನ ಮೇಲೆ ಕುಸಿದು ಕೂತಳು. ಗೌಡರೂ ತುಸು ಪೆಚ್ಚಾದರು, ಆದರೆ ಮೂರು ದಿನ ಗಾಡಿಯಲ್ಲಿ ಹೊತ್ತು ತಂದ ಕೂರಿಗೆಯ ಮುಂದೆ ಹಿಂಜರಿಯುವುದು ಹೇಗೆ? ಅವರದ್ದೂ ಒಂದು ಷರತ್ತು ಬಂತು. ಎರಡೂ ಕಡೆ ಕಾಳು ಬಿಡುವುದು ಒಂದೇ ಕೈ ಆಗಬೇಕು, ಇಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ. ನಮ್ಮ ಹೊಲದಲ್ಲಿ ಎಂಟು ವರ್ಷದಿಂದ ಕಾಳು ಬಿಡುತ್ತಿದ್ದದ್ದು ತಂಗಿ. ಬೇರೆಯವರ ಕೈಯನ್ನು ಅಪ್ಪ ಬಟ್ಟಲಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಹೀಗಾಗಿ ಹೂ ಮುಡಿದು, ಅವ್ವನ ಇಳಕಲ್ ಸೀರೆ ಉಟ್ಟು, ಚಾಪೆಯ ಮೇಲೆ ತಲೆತಗ್ಗಿಸಿ ಕೂರಬೇಕಿದ್ದ ಹುಡುಗಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮಡಿಲಲ್ಲಿ ಬೀಜದ ಜೋಳ ತುಂಬಿಕೊಂಡು ಎತ್ತಿನ ಹಿಂದೆ ನಡೆದಳು. ಹೆಣ್ಣು ನೋಡುವ ಶಾಸ್ತ್ರ ಹೀಗೆ ಕೆಸರಿನಲ್ಲಿ ಮುಗಿಯಿತು. ಗೌಡರು ಅವಳ ಮುಖ ನೋಡಲೇ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಅವಳ ಬೆರಳನ್ನೇ ನೋಡಿದರು.

ಮೊಳಕೆಗೆ ಆರು ದಿನ. ಗೌಡರು ಆರು ದಿನವೂ ನಮ್ಮ ಜಗಲಿಯಲ್ಲೇ ಉಳಿದರು. ತಮ್ಮ ಕಡೆ ಮಳೆ ಇನ್ನೂ ಬಂದಿಲ್ಲ, ಅವಸರವೇನೂ ಇಲ್ಲ ಎಂದರು. ಆ ಆರು ದಿನ ಇಬ್ಬರು ತಂದೆಯರು ಆಡಿದ ಮಾತನ್ನು ಯಾರಾದರೂ ಬರೆದಿಟ್ಟಿದ್ದರೆ ಓದಿದವರೆಲ್ಲ ಸನ್ಯಾಸ ತೆಗೆದುಕೊಳ್ಳುತ್ತಿದ್ದರು! ಬೆಳಗ್ಗೆ ಹಲ್ಲುನೋವು, ಎತ್ತಿನ ಗೊರಸು. ಮಧ್ಯಾಹ್ನ ಸೀಮೆಎಣ್ಣೆ ಸಿಗದ ಕಷ್ಟ, ಯುದ್ಧದಿಂದಾಗಿ ನೇಗಿಲ ಕುಳದ ಕಬ್ಬಿಣ ಕೆಟ್ಟದ್ದು. ಸಂಜೆ ಬಾಲ್ಯ. ಅಪ್ಪ ಎಂಟನೆಯ ವಯಸ್ಸಿಗೆ ನೇಗಿಲು ಹಿಡಿದನಂತೆ. ಗೌಡರು ಏಳಕ್ಕೇ ಹಿಡಿದಿದ್ದರು. ಮರುದಿನ ಅಪ್ಪನಿಗೆ ಜ್ಞಾಪಕ ಸರಿಯಾಗಿ, ಆರಕ್ಕೆ ಹಿಡಿದದ್ದು ಎಂದ. ಇನ್ನೆರಡು ದಿನ ಬಿಟ್ಟಿದ್ದರೆ ಇಬ್ಬರೂ ತೊಟ್ಟಿಲಿನಿಂದಲೇ ಉಳುತ್ತಿದ್ದರು. ಇಬ್ಬರೂ ಚಿಕ್ಕವರಿದ್ದಾಗ ಕುಂಟೆಯ ಮೇಲೆ ಭಾರಕ್ಕೆಂದು ಕೂತು, ನಿದ್ದೆ ಬಂದು, ಉರುಳಿ ಬಿದ್ದು ಅಪ್ಪಂದಿರಿಂದ ಏಟು ತಿಂದಿದ್ದರೆಂದು ತಿಳಿದ ದಿನ ಜಗಲಿಯಲ್ಲಿ ಹಬ್ಬ. ಅಷ್ಟು ಸ್ನೇಹವಾದ ಮೇಲೆ ಪಂದ್ಯ ಬಿಟ್ಟುಬಿಡಬಾರದೇ ಎಂದು ನಾನು ಮೆಲ್ಲಗೆ ಕೇಳಿದೆ. ಸ್ನೇಹಕ್ಕೂ ತಾಳಿನ ಅಂತರಕ್ಕೂ ಏನು ಸಂಬಂಧ ಎಂದು ಇಬ್ಬರೂ ಒಟ್ಟಿಗೆ ನನ್ನನ್ನು ಗದರಿದರು.

ತಂಗಿ ಆ ಆರು ದಿನ ಊಟ ಬಡಿಸಿದಳು, ಮಜ್ಜಿಗೆ ಕಡೆದಳು. ಒಮ್ಮೆ ಅವ್ವ ಹಿತ್ತಲಲ್ಲಿ ಅವಳನ್ನು ತಡೆದು, ಅಪ್ಪನ ಕಡೆಯ ಸಾಲಿನಲ್ಲಿ ಕೈ ಸ್ವಲ್ಪ ಬಿಗಿ ಹಿಡಿದಿದ್ದೆ ತಾನೇ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅವ್ವ ಹಣೆ ಚಚ್ಚಿಕೊಂಡಳು. ನಾನೂ, ನಿಜ ಹೇಳುತ್ತೇನೆ, ಅವಳನ್ನು ದಡ್ಡಿ ಎಂದೇ ಅಂದುಕೊಂಡೆ.

ಏಳನೆಯ ಬೆಳಗ್ಗೆ ತಂಗಿಯೊಬ್ಬಳನ್ನು ಮನೆಯಲ್ಲಿ ಬಿಟ್ಟು ಎಲ್ಲರೂ ಹೊಲಕ್ಕೆ ಹೋದೆವು. ಮೊಳಕೆ ನೆಲದ ಮೇಲೆ ಬೆರಳುದ್ದ ಎದ್ದಿತ್ತು. ಇಬ್ಬರೂ ಧೋತರ ಎತ್ತಿ ಕಟ್ಟಿ ಒಂದೊಂದೇ ಸಾಲನ್ನು ನಡೆದರು, ಬಗ್ಗಿದರು, ಎಣಿಸಿದರು. ಬಿಸಿಲೇರಿತು. ಗೌಡರೇ ಮೊದಲು ಬದುವಿಗೆ ಬಂದು ಕೂತರು.

"ಯಜಮಾನ್ರೇ, ಸುಳ್ಳು ಹೇಳಬಾರ್ದು. ಎರಡು ಕಡೆನೂ ಒಂದು ಕಾಳು ತಪ್ಪಿಲ್ಲ. ಸಮ ಐತೆ," ಎಂದರು. ಒಡ್ಡಿನ ಪ್ರಕಾರ ತಾವು ಸೋತೆವೆಂಬುದು ಅವರಿಗೂ ಗೊತ್ತಿತ್ತು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು.

ಅಪ್ಪ ಹೊಲದ ನಡುವೆ, ಎರಡು ಅರ್ಧಗಳು ಕೂಡುವಲ್ಲಿ ನಿಂತೇ ಇದ್ದ. ಜೀವಮಾನದಲ್ಲಿ ಒಂದು ವಾದವನ್ನೂ ಸೋಲದವನ ಕಾಲಬುಡದಲ್ಲೇ ಗೆಲುವು ಬಿದ್ದಿತ್ತು.

"ಸಮ ಎಲ್ಲೈತ್ರೀ?" ಎಂದ ಕೊನೆಗೆ. "ನಿಮಗೆ ಕಣ್ಣು ಕಾಣಾಕಿಲ್ಲ. ನಿಮ್ಮದೇ ಮೇಲು. ಮಗನ ಮದುವಿಗೆ ಮುಹೂರ್ತ ನೋಡ್ಸಿರಿ."

ಗೌಡರು ಏನೋ ಹೇಳಲು ಬಾಯಿ ತೆರೆದರು. ಮಾವ ಅವರ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಟೇಬಿಟ್ಟ. ಅವ್ವ ಓಡಿದಳು, ತಂಗಿಗೆ ಹೇಳಲು. ನಾನು ಅಪ್ಪನ ಹತ್ತಿರ ಹೋದೆ. ಕುಚೋದ್ಯ ನಾಲಿಗೆಯ ತುದಿಯಲ್ಲೇ ಇತ್ತು. ನಿನಗೂ ಸುಳ್ಳು ಹೇಳಲು ಬರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಅಪ್ಪ ಕುಕ್ಕರುಗಾಲಲ್ಲಿ ಕೂತು, ತನ್ನ ಕಡೆಯ ಸಾಲಿನ ಮೊಳಕೆಗಳ ಮೇಲೆ ಅಂಗೈ ಆಡಿಸುತ್ತಿದ್ದ, ತಾಗಿಯೂ ತಾಗದ ಹಾಗೆ.

"ಈ ಸಾಲಿನಾಗೆ ನಾಕು ಕಾಳು ತಪ್ಸಿದ್ರೆ ಸಾಕಿತ್ತು ಅವಳಿಗೆ," ಎಂದ ನನ್ನ ಕಡೆ ತಿರುಗದೆ. "ತಪ್ಸಿಲ್ಲ ನೋಡು."

ನಾನೂ ಪಕ್ಕದಲ್ಲಿ ಕೂತೆ.